ಒಂದು ಪದದ ಕಾವಲು

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕೈಹಾಕಿದರು. 1831ರ ಹೊತ್ತಿಗೆ ಇಡೀ ಗ್ರಂಥ ಕನ್ನಡದಲ್ಲಿ ಅಚ್ಚಾಯಿತು. ಇಂಥ ಕೆಲಸದಲ್ಲಿ ಪದದ ಆಯ್ಕೆಯೇ ಮತತತ್ತ್ವದ ಪ್ರಶ್ನೆ. ದೇವರು ಮನುಷ್ಯನಾದುದನ್ನು 'ಅವತಾರ' ಎಂದರೆ ಕನ್ನಡಿಗರಿಗೆ ಥಟ್ಟನೆ ತಿಳಿಯುತ್ತದೆ; ಜೊತೆಗೇ ದಶಾವತಾರವೂ ನೆನಪಾಗುತ್ತದೆ. ಕ್ರೈಸ್ತ ನಂಬಿಕೆಯಲ್ಲಾದರೋ ಅದು ಒಮ್ಮೆ ಮಾತ್ರ ನಡೆದದ್ದು.

ಈ ಎಚ್ಚರ ಹಳೆಯದು. ಕ್ರಿಸ್ತನೂ ದೇವರ ಸೃಷ್ಟಿಯೇ ಎಂದು ಅರಿಯಸ್ ಬೋಧಿಸಿದಾಗ, 325ರ ನಿಕೇಯಾ ಮಹಾಸಭೆ ಅದನ್ನು ತಳ್ಳಿಹಾಕಿತು. ಆತ ತಂದೆಯೊಡನೆ ಒಂದೇ ತತ್ತ್ವದವನು ಎನ್ನುವ ಗ್ರೀಕ್ ಪದವೊಂದನ್ನು ವಿಶ್ವಾಸಸೂತ್ರಕ್ಕೆ ಸೇರಿಸಿತು.

ಪರಿಚಿತ ಪದ ಬಿಟ್ಟರೆ ಓದುಗ ದೂರವಾಗುತ್ತಾನೆ. ವಿವರಿಸದೆ ಬಳಸಿದರೆ ಅರ್ಥ ಜಾರುತ್ತದೆ. ಚರ್ಚುಗಳು ಬೈಬಲ್ಲಿನ ಜೊತೆಗೆ ಪ್ರಶ್ನೋತ್ತರ ರೂಪದ ಧರ್ಮಬೋಧೆಯನ್ನೂ ಕಲಿಸುತ್ತ ಬಂದಿರುವುದು ಇದಕ್ಕಾಗಿಯೇ.