ಅಕಾಲ ಪ್ರೌಢತೆಯಲ್ಲಿ ತಂದೆಯ ಪಾಲು

ಗುಂಡ್ಲುಪೇಟೆ, ಚಾಮರಾಜನಗರಗಳ ಸೀಮೆಯಲ್ಲಿ ಹೆಣ್ಣುಮಗಳು ಮೈನೆರೆದಳೆಂದರೆ ಸೋದರಮಾವನು ಹಸಿರು ಸೊಪ್ಪು ತಂದು ಗುಡ್ಲು ಹಾಕುವುದೂ, ಮುತ್ತೈದೆಯರು ಎಳ್ಳುಬೆಲ್ಲ ಕುಟ್ಟಿದ ಚಿಗಳಿಯನ್ನು ತಿನ್ನಿಸಿ ಒಸಗೆ ಮಾಡುವುದೂ ಬಹುಕಾಲದಿಂದ ನಡೆದುಬಂದ ಆಚಾರ. ಅಲ್ಲಿ ನೆರೆದ ಹೆಂಗಸರು ‘ಇವಳವ್ವ ಎಷ್ಟನೇ ವರ್ಷಕ್ಕೆ ದೊಡ್ಡೋಳಾಗಿದ್ಲು?’ ಎಂದು ವಿಚಾರಿಸುವುದೂ ಅಷ್ಟೇ ಸಹಜ. ಪ್ರಶ್ನೆ ಸಾಧುವಾದದ್ದೇ. ಮೊದಲ ಮುಟ್ಟಿನ ವಯಸ್ಸು ಹೆಣ್ಣಿನಿಂದ ಹೆಣ್ಣಿಗೆ ಬೇರೆಯಾಗುವುದಕ್ಕೆ ಕಾರಣಗಳನ್ನು ಹುಡುಕಿದರೆ ಸುಮಾರು ಅರ್ಧ ಪಾಲು, ಕೆಲವು ಗಣನೆಗಳಲ್ಲಿ ಅದಕ್ಕೂ ಮಿಗಿಲು, ಅನುವಂಶೀಯತೆಗೆ ಸಲ್ಲುತ್ತದೆ. ಆದರೆ ತಾಯಿಯೊಬ್ಬಳನ್ನೇ ಕೇಳಿ ನಿಲ್ಲಿಸಿದರೆ ವಿಚಾರಣೆ ಅಪೂರ್ಣವಾಗುತ್ತದೆ.

ಎಂಟು ವರ್ಷ ತುಂಬುವ ಮೊದಲೇ ಸ್ತನದ ಮೊಗ್ಗು ಮೂಡಿದರೆ ಅದನ್ನು ವೈದ್ಯರು ಅಕಾಲ ಪ್ರೌಢತೆಯೆನ್ನುತ್ತಾರೆ. ಎರಡನೆಯ ತರಗತಿಯಲ್ಲಿ ಎಲ್ಲರಿಗಿಂತ ಎತ್ತರವಾಗಿ ಕಾಣುವ ಇಂಥ ಹುಡುಗಿಯ ಎಡಗೈಯ ಎಕ್ಸ್‌ರೇ ತೆಗೆದು ನೋಡಿದರೆ ಮೂಳೆಯ ವಯಸ್ಸು ಹುಟ್ಟಿದ ವಯಸ್ಸನ್ನು ಮೀರಿ ಮುಂದೆ ಸಾಗಿರುತ್ತದೆ. ಮೂಳೆಯ ತುದಿಗಳು ಬೇಗ ಕೂಡಿಕೊಳ್ಳುವುದರಿಂದ, ಚಿಕಿತ್ಸೆಯಿಲ್ಲದಿದ್ದಲ್ಲಿ, ಕೊನೆಗೆ ಅವಳೇ ಕುಳ್ಳಾಗಿ ಉಳಿಯುವ ಸಂಭವವುಂಟು. ಫಾರಂ ಕೋಳಿಯನ್ನೋ ಉಷ್ಣ ಪದಾರ್ಥವನ್ನೋ ದೂರುವ ಮೊದಲು ಮಗುವನ್ನು ಮಕ್ಕಳ ವೈದ್ಯರಿಗೆ ತೋರಿಸುವುದು ಲೇಸು.

ಇನ್ನು ನನಗೆ ಅತ್ಯಂತ ಪ್ರಿಯವಾದ ಭಾಗಕ್ಕೆ ಬರುತ್ತೇನೆ. ಮೆದುಳಿನ ತಳಭಾಗದ ಹೈಪೊಥಲಾಮಸ್ಸಿನಲ್ಲಿ ಋತುಚಕ್ರಕ್ಕೆ ಚಾಲನೆ ಕೊಡುವ ಹಾರ್ಮೋನು ಬಾಲ್ಯದುದ್ದಕ್ಕೂ ಕೆರೆಯ ತೂಬು ಹಾಕಿದಂತೆ ತಡೆದು ನಿಂತಿರುತ್ತದೆ. ಆ ತಡೆಯ ಒಂದಂಶ ಎಂಕೆಆರ್‌ಎನ್‌3 ಎಂಬ ವಂಶವಾಹಿಯ ಕೆಲಸ. 2013ರಲ್ಲಿ, ಅಕಾಲ ಪ್ರೌಢತೆ ಮರುಕಳಿಸಿದ 15 ಕುಟುಂಬಗಳನ್ನು ಪರೀಕ್ಷಿಸಿದ ಸಂಶೋಧಕರಿಗೆ ಐದು ಕುಟುಂಬಗಳಲ್ಲಿ ಈ ವಂಶವಾಹಿ ಕೆಟ್ಟಿರುವುದು ಕಂಡಿತು. ಕೆಟ್ಟ ಪ್ರತಿ ಪ್ರತಿಯೊಂದು ಮಗುವಿಗೂ ಬಂದದ್ದು ತಂದೆಯಿಂದ! ಹದಿನೈದನೆಯ ವರ್ಣತಂತುವಿನ ಈ ಭಾಗದಲ್ಲಿ ತಾಯಿ ಕೊಟ್ಟ ಪ್ರತಿಯು ರಾಸಾಯನಿಕ ಮುದ್ರೆಯನ್ನು ಹೊತ್ತು ಮೌನವಾಗಿರುತ್ತದೆ, ತಂದೆ ಕೊಟ್ಟದ್ದು ಮಾತ್ರ ಕೆಲಸ ಮಾಡುತ್ತದೆ. ಅದೂ ಕೆಟ್ಟಿದ್ದರೆ ತಡೆಯೇ ಇಲ್ಲದಂತಾಗುತ್ತದೆ.

ಇದರ ಪರಿಣಾಮವನ್ನು ಸಾವಧಾನವಾಗಿ ಗಮನಿಸಬೇಕು, ಏಕೆಂದರೆ ಓದುಗರು ಎಡವುವುದು ಇಲ್ಲಿಯೇ. ಒಬ್ಬ ಗಂಡಸು ಈ ದೋಷವನ್ನು ತನ್ನ ತಾಯಿಯಿಂದ ಪಡೆದಿದ್ದರೆ ಅವನಲ್ಲಾಗಲಿ, ತಾಯಿಯಿಂದಲೇ ಅದನ್ನು ಪಡೆದ ಅವನ ಅಕ್ಕತಂಗಿಯರಲ್ಲಾಗಲಿ ಯಾವ ಕುರುಹೂ ತೋರದು. ಆದರೆ ಅದು ಅವನಿಂದ ಮಗಳಿಗೆ ಇಳಿಯಿತೆಂದರೆ ಅವಳು ಆರನೆಯ ವಯಸ್ಸಿನ ಆಸುಪಾಸಿನಲ್ಲೇ ಪ್ರೌಢಳಾಗತೊಡಗಬಹುದು. ಅವಳ ಮಕ್ಕಳು ಪಾರಾಗುತ್ತಾರೆ. ಆದರೆ ಅವಳ ಮಗನ ಮಗಳಲ್ಲಿ ಅದು ಮತ್ತೆ ತಲೆಯೆತ್ತಬಹುದು. ನಡುವಿನ ತಲೆಮಾರಿನ ಈ ಮೌನದಿಂದಲೇ ‘ನಮ್ಮ ವಂಶದಲ್ಲಿ ಇಂಥದ್ದಿಲ್ಲ’ ಎಂಬ ಮಾತು ಹುಟ್ಟಿ, ನಿರಪರಾಧಿಯಾದ ತಾಯಿಯ ಮೇಲೆ ದೂರು ಬೀಳುತ್ತದೆ.

ಸೋದರಮಾವನನ್ನೇ ಮದುವೆಯಾಗುವ ಪದ್ಧತಿಯಿರುವ ಹಳೆಯ ಮೈಸೂರಿನಲ್ಲಿ ಈ ಎಳೆಯನ್ನು ಬಿಡಿಸುವುದು ಇನ್ನೂ ಕಷ್ಟ. 1980ರ ದಶಕದಲ್ಲಿ ಎನ್. ಅಪ್ಪಾಜಿ ರಾವ್, ಅಲನ್ ಬಿಟಲ್ಸ್ ಮೊದಲಾದವರು ಬೆಂಗಳೂರು, ಮೈಸೂರುಗಳಲ್ಲಿ ಹುಟ್ಟಿದ ಶಿಶುಗಳ ತಂದೆತಾಯಿಯರನ್ನು ಕುರಿತು ನಡೆಸಿದ ಅಧ್ಯಯನದಲ್ಲಿ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದಲ್ಲಿ ಆಗಿತ್ತು. ಸೋದರಮಾವನನ್ನು ಮದುವೆಯಾದವಳ ಮನೆಯಲ್ಲಿ ಮಗುವಿನ ತಂದೆಯ ತಾಯಿಯೇ ತಾಯಿಯ ಅಜ್ಜಿಯೂ ಆಗಿರುವುದರಿಂದ ದೋಷ ಯಾವ ದಾರಿಯಿಂದ ಬಂತೆಂದು ಮೇಲ್ನೋಟಕ್ಕೆ ತಿಳಿಯುವುದಿಲ್ಲ. ಎಂಕೆಆರ್‌ಎನ್‌3ರ ದೋಷಕ್ಕೆ ರಕ್ತಸಂಬಂಧ ಬೇಕಿಲ್ಲವೆಂಬುದು ಸ್ಪಷ್ಟವಿರಲಿ; ತಂದೆಯ ಒಂದೇ ಪ್ರತಿ ಸಾಕು. ಅಡ್ರಿನಲ್ ಗ್ರಂಥಿಯ ಒಂದು ಆಜನ್ಮ ದೋಷದ ಸಂಗತಿ ಬೇರೆ: ಅದು ತಂದೆತಾಯಿ ಇಬ್ಬರಿಂದಲೂ ಬಂದಾಗಲೇ ಪ್ರಕಟವಾಗುತ್ತದೆ, ಸ್ತನ ಬೆಳೆಯುವ ಮೊದಲೇ ಗುಹ್ಯಕೇಶ ಕಾಣಿಸಿಕೊಳ್ಳುತ್ತದೆ, ಮತ್ತು ಅದರ ಸಂಭವ ಸೋದರಮಾವನ ಮದುವೆಯಲ್ಲಿ ಹೆಚ್ಚು.

ಅಕಾಲ ಪ್ರೌಢತೆಯ ಬಹುಪಾಲು ಹುಡುಗಿಯರಲ್ಲಿ ಇಂಥ ಒಂದೇ ವಂಶವಾಹಿಯ ದೋಷ ಸಿಗುವುದಿಲ್ಲ. ನೂರಾರು ವಂಶವಾಹಿಗಳ ಅಲ್ಪಾಲ್ಪ ಪ್ರಭಾವವೂ ದೇಹದ ಕೊಬ್ಬೂ ಪೋಷಣೆಯೂ ಕೂಡಿ ಕಾಲವನ್ನು ನಿರ್ಣಯಿಸುತ್ತವೆ. ಆದಕಾರಣ ಚಾಮರಾಜನಗರದ ವೈದ್ಯಕೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿರುವ ತರುಣ ತರುಣಿಯರಲ್ಲಿ ನನ್ನದೊಂದು ಬಿನ್ನಹ: ಇಂಥ ಮಗುವೊಂದು ನಿಮ್ಮ ಮುಂದೆ ಬಂದಾಗ ವಂಶವೃಕ್ಷವನ್ನು ಬರೆದುಕೊಳ್ಳಿ, ತಾಯಿಯ ಜೊತೆಗೆ ಸೋದರತ್ತೆಯರು ಎಷ್ಟನೆಯ ವಯಸ್ಸಿಗೆ ಮೈನೆರೆದರು, ತಂದೆಯ ಧ್ವನಿ ಎಂದು ಒಡೆಯಿತು, ಅವನ ಎತ್ತರ ಎಷ್ಟು ಎಂಬುದನ್ನೂ ಕೇಳಿ, ಯಾರೂ ಬೇಗ ಪ್ರೌಢರಾಗಿರಲಿಲ್ಲವೆಂದರೆ, ತಂದೆಯ ತಾಯಿ ಬದುಕಿದ್ದಲ್ಲಿ, ಆಕೆಯ ಬಳಿ ಹೋಗಿ ಆಕೆಯ ಬಾಲ್ಯವನ್ನೂ ವಿಚಾರಿಸಿ.