ಟ್ರಸ್ಟ್‌ನ ಪ್ಯಾನ್ ನಂಬರ್ ಎಲ್ಲಿ ಸಿಗುತ್ತದೆ?





ಜುಲೈ ತಿಂಗಳು ಬಂತೆಂದರೆ ನಮ್ಮ ಕಚೇರಿಗೆ ಬರುವ ಫೋನುಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ: "ಸರ್, ರಿಟರ್ನ್ ತುಂಬಬೇಕು, ಟ್ರಸ್ಟ್‌ನ ಪ್ಯಾನ್ ನಂಬರ್ ಹೇಳಿ." ಎರಡು ವರ್ಷದ ಹಿಂದೆ ಹೀಗೆಯೇ ಕೇಳಿದ ದಾನಿಯೊಬ್ಬರಿಗೆ ನಮ್ಮ ಖಜಾಂಚಿಯವರು ಅವಸರದಲ್ಲಿ ಕಾರ್ಡಿನ ಫೋಟೋ ಕಳುಹಿಸಿದರು. ಅದು ಅವರ ಸ್ವಂತ ಕಾರ್ಡು! ದಾನಿಗೆ 80ಜಿ ವಿನಾಯಿತಿ ಸಿಗಲಿಲ್ಲ, ಬಡ್ಡಿ ಸಮೇತ ತೆರಿಗೆ ಕಟ್ಟಬೇಕಾಯಿತು. ತಪ್ಪು ನಮ್ಮದೇ. ಆದ್ದರಿಂದ ಈ ಬರಹ.

ಪ್ಯಾನ್‌ನಲ್ಲಿ ಹತ್ತು ಅಕ್ಷರ ಮತ್ತು ಅಂಕಿಗಳಿರುತ್ತವೆ. ನಾಲ್ಕನೆಯ ಅಕ್ಷರವನ್ನು ನೋಡಿ. ವ್ಯಕ್ತಿಯ ಕಾರ್ಡಿನಲ್ಲಿ ಅದು 'ಪಿ', ಟ್ರಸ್ಟ್‌ನದರಲ್ಲಿ 'ಟಿ'. ಐದನೆಯದು ಟ್ರಸ್ಟ್ ಹೆಸರಿನ ಮೊದಲ ಇಂಗ್ಲಿಷ್ ಅಕ್ಷರ. ಇಷ್ಟು ನೋಡಿದ್ದರೆ ಅಂದು ನಾವು ಎಡವುತ್ತಿರಲಿಲ್ಲ.

ನಂಬರ್ ನಮ್ಮ ರಸೀದಿಯ ಮೇಲ್ಭಾಗದಲ್ಲಿದೆ, ಈ ವರದಿಯ ಕೊನೆಯ ಪುಟದಲ್ಲಿಯೂ ಇದೆ. ಆದರೆ ರಿಟರ್ನ್‌ಗೆ ಎಲ್ಲಕ್ಕಿಂತ ಒಳ್ಳೆಯ ಕಾಗದ ಫಾರಂ 10ಬಿಇ ಪ್ರಮಾಣಪತ್ರ. ಟ್ರಸ್ಟ್‌ನ ಪ್ಯಾನ್, 80ಜಿ ನೋಂದಣಿ ಸಂಖ್ಯೆ, ನೀವು ಕೊಟ್ಟ ಮೊತ್ತ ಎಲ್ಲವೂ ಅದರಲ್ಲಿ ಒಟ್ಟಿಗೆ ಇರುತ್ತವೆ. ಅದು ಸಿಗಬೇಕಾದರೆ ನಾವು ದಾನಿಗಳ ವಿವರವನ್ನು ಫಾರಂ 10ಬಿಡಿಯಲ್ಲಿ ಇಲಾಖೆಗೆ ಸಲ್ಲಿಸಬೇಕು. 2024-25ರ ದೇಣಿಗೆಗಳಿಗೆ ಕೊನೆಯ ದಿನ 2025ರ ಮೇ 31 ಆಗಿತ್ತು. ತಡವಾದರೆ ಟ್ರಸ್ಟ್‌ಗೆ ದಿನಕ್ಕೆ 200 ರೂಪಾಯಿ ಶುಲ್ಕ ಬೀಳುತ್ತದೆ. ಅದಕ್ಕೇ ದೇಣಿಗೆ ಕೊಡುವಾಗಲೇ ನಿಮ್ಮ ಪ್ಯಾನ್ ಅಥವಾ ಆಧಾರ್, ವಿಳಾಸ ಬರೆಸಿಬಿಡಿ.

"ಹೆಸರು ಬೇಡ ಮಾಸ್ಟ್ರೇ, ಅಲ್ಲಾಹನಿಗೆ ಗೊತ್ತಿದ್ದರೆ ಸಾಕು" ಎನ್ನುವವರಿದ್ದಾರೆ. ಅವರ ಮನಸ್ಸು ದೊಡ್ಡದು. ವರದಿಯಲ್ಲಿ ಅವರನ್ನು 'ಹಿತೈಷಿ' ಎಂದಷ್ಟೇ ಅಚ್ಚು ಹಾಕುತ್ತೇವೆ. ಆದರೆ ಕಚೇರಿಯ ಪುಸ್ತಕದಲ್ಲಿ ಹೆಸರು, ವಿಳಾಸ ಇರಲೇಬೇಕು. ಹೆಸರಿಲ್ಲದ ದೇಣಿಗೆ ಮಿತಿ ಮೀರಿದರೆ, ಮೀರಿದ ಮೊತ್ತಕ್ಕೆ ಶೇ. 30 ತೆರಿಗೆ ಇದೆ. ಅದು ಮಕ್ಕಳ ಫೀಸಿನ ಹಣದಿಂದಲೇ ಹೋಗುವುದು.

2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ 80ಜಿ ವಿನಾಯಿತಿ ಇಲ್ಲ. ಚೆಕ್ ಅಥವಾ ಯುಪಿಐ ಬಳಸಿ. ಹೊಸ ತೆರಿಗೆ ಪದ್ಧತಿ ಆಯ್ದುಕೊಂಡವರಿಗೂ ಈ ವಿನಾಯಿತಿ ಇಲ್ಲ.

ಪೋಷಕರಿಗೆ ಒಂದು ಮಾತು: ಓದಿನ ಖರ್ಚಿಗೆ ಸಿಗುವ ವಿದ್ಯಾರ್ಥಿವೇತನಕ್ಕೆ ಆದಾಯ ತೆರಿಗೆ ಇಲ್ಲ, ಅರ್ಜಿಯಲ್ಲಿ ಟ್ರಸ್ಟ್‌ನ ಪ್ಯಾನ್ ಬರೆಯುವುದೂ ಬೇಕಿಲ್ಲ. ಆದರೂ ರಸೀದಿ ಓದುವುದನ್ನು ಮಕ್ಕಳಿಗೆ ಕಲಿಸಿ. ಇಲ್ಲಿ ನೆರವು ಪಡೆದು ಓದಿ, ಈಗ ಮೊದಲ ಸಂಬಳದಲ್ಲಿ ದೇಣಿಗೆ ಕಳುಹಿಸುವವರೂ ನಮ್ಮ ಪಟ್ಟಿಯಲ್ಲಿದ್ದಾರೆ.

10ಬಿಇ ಜೂನ್ ಮೊದಲ ವಾರದೊಳಗೆ ಕೈಸೇರದಿದ್ದರೆ ಕಚೇರಿಯ ನಂಬರಿಗೇ ಕರೆ ಮಾಡಿ. ಖಜಾಂಚಿಯವರು ಈಗ ಯಾರಿಗೂ ಕಾರ್ಡಿನ ಫೋಟೋ ಕಳುಹಿಸುವುದಿಲ್ಲ.