ಕಾರ್ಡಿನ ಮೂಲಕ ಹಣ ಕೊಡುವ ರೈತರಿಂದ ವರ್ತಕರು ವಸೂಲುಮಾಡುವ ಹೆಚ್ಚುವರಿ

ಮುಂಗಾರು ಹದವಾಗುತ್ತಲೇ ರೈತರು ಗೊಬ್ಬರ, ಬಿತ್ತನೆಯ ಬೀಜ, ಔಷಧಿಗಳಿಗಾಗಿ ಪೇಟೆಯ ಅಂಗಡಿಗಳಿಗೆ ಹೋಗುವುದು ವಾಡಿಕೆ. ನಗದಿಗೆ ಬದಲಾಗಿ ಬ್ಯಾಂಕಿನ ಕಾರ್ಡನ್ನು ಮುಂದಿಟ್ಟೊಡನೆ ಕೆಲವು ವರ್ತಕರು “ಕಾರ್ಡಾದರೆ ನೂರಕ್ಕೆ ಎರಡು ರೂಪಾಯಿ ಹೆಚ್ಚು” ಎಂದು ಹೇಳುವುದುಂಟು. ಈ ಎರಡು ರೂಪಾಯಿಯನ್ನು ಹೊರತಕ್ಕವರು ಯಾರೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿದ್ದರೆ, ತಮಗೂ ನೆರೆಯ ಸಣ್ಣ ಹಿಡುವಳಿದಾರರಿಗೂ ನಷ್ಟ ತಪ್ಪುವುದು.

ಕಾರ್ಡಿನಿಂದ ಸಂದ ಹಣವನ್ನು ವರ್ತಕನ ಬ್ಯಾಂಕು ಅವನ ಖಾತೆಗೆ ಜಮಾಮಾಡುವಾಗ ಒಂದು ಶುಲ್ಕವನ್ನು ಮುರಿದುಕೊಳ್ಳುತ್ತದೆ. ಅದರಲ್ಲಿ ಕಾರ್ಡನ್ನು ಕೊಟ್ಟ ಬ್ಯಾಂಕಿಗೂ ಪಾಲುಂಟು. ಅಲ್ಪ ಲಾಭಕ್ಕೆ ಗೊಬ್ಬರ ಮಾರುವ ಚಿಕ್ಕ ಅಂಗಡಿಯವನಿಗೆ ಇದು ಭಾರವೆಂಬುದು ಸುಳ್ಳಲ್ಲ. ಆದರೆ ಎಲ್ಲ ಕಾರ್ಡುಗಳಿಗೂ ಶುಲ್ಕ ಒಂದೇ ಅಲ್ಲ. ಮೋಸಕ್ಕೆ ಎಡೆಯಾಗುವುದು ಇಲ್ಲಿಯೇ.

ರೂಪೇ ಡೆಬಿಟ್ ಕಾರ್ಡಿಗೂ ಖಾತೆಯಿಂದ ನೇರವಾಗಿ ಹಣ ಹೋಗುವ ಯುಪಿಐ ಪಾವತಿಗೂ 2020ರ ಜನವರಿ 1ರಿಂದ ವರ್ತಕನಿಗೆ ಶುಲ್ಕವೇ ಇಲ್ಲ. ಉಳಿದ ಡೆಬಿಟ್ ಕಾರ್ಡುಗಳ ವಿಷಯದಲ್ಲಿ, ವರ್ಷಕ್ಕೆ 20 ಲಕ್ಷ ರೂಪಾಯಿಗೆ ಮೀರದ ವಹಿವಾಟುಳ್ಳ ಅಂಗಡಿಗೆ ನೂರಕ್ಕೆ 40 ಪೈಸೆಯನ್ನೂ ಒಂದು ಬಾರಿಗೆ 200 ರೂಪಾಯಿಯನ್ನೂ, ದೊಡ್ಡ ಅಂಗಡಿಗೆ ನೂರಕ್ಕೆ 90 ಪೈಸೆಯನ್ನೂ ಒಂದು ಬಾರಿಗೆ 1,000 ರೂಪಾಯಿಯನ್ನೂ ಶುಲ್ಕ ಮೀರಕೂಡದೆಂದು ರಿಸರ್ವ್ ಬ್ಯಾಂಕು 2018ರ ಜನವರಿ 1ರಿಂದ ಗೊತ್ತುಮಾಡಿದೆ. ಇದನ್ನು ಗಿರಾಕಿಯ ಮೇಲೆ ಹೊರಿಸದಂತೆ ಬ್ಯಾಂಕುಗಳೇ ನೋಡಿಕೊಳ್ಳತಕ್ಕದ್ದೆಂದೂ ಅದೇ ಆಜ್ಞೆಯಲ್ಲಿದೆ. 20,000 ರೂಪಾಯಿಯ ಪಂಪುಸೆಟ್ಟಿಗೆ ಚಿಕ್ಕ ವರ್ತಕನು ತೆರುವ ಶುಲ್ಕ ಹೆಚ್ಚೆಂದರೆ 80 ರೂಪಾಯಿ, ಅದರ ಮೇಲೆ ತೆರಿಗೆ 14 ರೂಪಾಯಿ 40 ಪೈಸೆ. ನೂರಕ್ಕೆ ಎರಡರಂತೆ ಅವನು ಕೇಳುವುದು 400 ರೂಪಾಯಿ!

ಕಿಸಾನ್ ಕ್ರೆಡಿಟ್ ಕಾರ್ಡಿನ ವಿಷಯದಲ್ಲಿ ರೈತರು ಹೆಚ್ಚಾಗಿ ಮೋಸಹೋಗುತ್ತಾರೆ. ಹೆಸರಿನಲ್ಲಿ ‘ಕ್ರೆಡಿಟ್’ ಎಂದಿರುವುದರಿಂದ ಹೆಚ್ಚುವರಿ ನ್ಯಾಯವೆಂದು ನಂಬಿಬಿಡುವರು. 1998ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಈಗ ರೈತನ ಕೈಗೆ ಬರುವುದು ರೂಪೇ ಡೆಬಿಟ್ ಕಾರ್ಡು. ಡೆಬಿಟ್ ಕಾರ್ಡಿನ ನಿಯಮವೇ ಅದಕ್ಕೆ ಅನ್ವಯಿಸತಕ್ಕದ್ದು. 2025-26ನೆಯ ಸಾಲಿನಲ್ಲಿ ಬೆಳೆಸಾಲವನ್ನು ವಾಯಿದೆಗೆ ಸರಿಯಾಗಿ ತೀರಿಸಿದವನಿಗೆ ಬಿದ್ದ ಬಡ್ಡಿ ವರ್ಷಕ್ಕೆ ನೂರಕ್ಕೆ 4. ಅಂಗಡಿಯಲ್ಲಿ ನೂರಕ್ಕೆ ಎರಡು ಕೊಟ್ಟುಬಂದವನು ಆರು ತಿಂಗಳ ಬಡ್ಡಿಯನ್ನು ಒಂದೇ ಗಳಿಗೆಯಲ್ಲಿ ಕಳೆದುಕೊಂಡಂತಾಯಿತು.

ನಿಜವಾದ ಕ್ರೆಡಿಟ್ ಕಾರ್ಡಿನ ಮಾತು ಬೇರೆ. ಅದರ ಶುಲ್ಕಕ್ಕೆ ರಿಸರ್ವ್ ಬ್ಯಾಂಕು ಮಿತಿಯನ್ನು ವಿಧಿಸಿಲ್ಲ. ನೂರಕ್ಕೆ ಎರಡರ ಆಸುಪಾಸಿನಲ್ಲಿರುವುದು ಸಾಮಾನ್ಯ. ಆದರೂ ಅದನ್ನು ಗಿರಾಕಿಯಿಂದ ವಸೂಲುಮಾಡಕೂಡದೆಂಬ ಷರತ್ತು ವರ್ತಕನು ಬ್ಯಾಂಕಿಗೆ ಬರೆದುಕೊಟ್ಟ ಕರಾರಿನಲ್ಲಿ ಸಾಮಾನ್ಯವಾಗಿ ಇರುತ್ತದೆ.

ಕಾರ್ಡು ಯಾವುದೇ ಆಗಲಿ, ಚೀಲದ ಮೇಲೆ ಮುದ್ರಿತವಾದ ಗರಿಷ್ಠ ಬೆಲೆಯನ್ನು ಮೀರುವಂತಿಲ್ಲ. 1,350 ರೂಪಾಯಿ ಎಂದು ಮುದ್ರಿಸಿದ ಗೊಬ್ಬರದ ಚೀಲಕ್ಕೆ 1,377 ರೂಪಾಯಿ ಪಡೆಯುವುದು 1985ರ ರಸಗೊಬ್ಬರ ನಿಯಂತ್ರಣ ಆಜ್ಞೆಗೆ ವಿರುದ್ಧ. ಹೆಬ್ಬೆರಳು ಒತ್ತಿಸಿಕೊಳ್ಳುವ ಯಂತ್ರವು ಸಹಾಯಧನದ ಲೆಕ್ಕಕ್ಕಾಗಿ ಇಟ್ಟಿರುವುದು. ಕಾರ್ಡಿನ ಯಂತ್ರವೇ ಬೇರೆ. ಹೆಬ್ಬೆರಳಿನ ಗುರುತಿಗೂ ಹಣ ಕೇಳಿದರೆ ಕೊಡಬೇಕಾದುದಿಲ್ಲ.

ರೈತನು ಮೊದಲು ರಶೀದಿಯನ್ನು ಕೇಳಿ ಪಡೆಯತಕ್ಕದ್ದು. ಹೆಚ್ಚುವರಿಯನ್ನು ಬರವಣಿಗೆಯಲ್ಲಿ ಕಾಣಿಸಲು ಅನೇಕ ವರ್ತಕರು ಒಪ್ಪುವುದಿಲ್ಲ. ಕೂಡಲೇ ಬಿಟ್ಟುಬಿಡುವುದೂ ಉಂಟು. ಬಿಡದಿದ್ದರೆ ಗೊಬ್ಬರದ ಬೆಲೆಯ ದೂರನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿಗೂ, ಕಾರ್ಡಿನ ದೂರನ್ನು ಕಾರ್ಡು ಕೊಟ್ಟ ಬ್ಯಾಂಕಿನ ಶಾಖೆಗೂ ರಶೀದಿಯ ನಕಲಿನೊಡನೆ ಬರೆದು ಕೊಡಬಹುದು. ಬ್ಯಾಂಕು 30 ದಿನಗಳೊಳಗೆ ಉತ್ತರ ಕೊಡದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ರಿಗೆ ಅರ್ಜಿ ಸಲ್ಲಿಸಲು ಅವಕಾಶವಿದೆ, ಇದಕ್ಕೆ ಶುಲ್ಕವಿಲ್ಲ.